ಕೋವಿಗೆ ಹೂವಿಡುವ ನಾಡಿನಲ್ಲಿ ಅಹಿಂಸೆ ಕಲಿಯುವುದು ಹೇಗೆ

ಕೊಡಗಿನಲ್ಲಿ ಆಯುಧಗಳಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದ ಮಾರನೇ ದಿನ ಪಕ್ಕದ ಮನೆಯ ಹುಡುಗ ಅಕ್ಕಿ ತರಿಯ ಉಂಡೆ ಕಡಂಬುಟ್ಟು ತಂದುಕೊಟ್ಟ. ಬಿ.ಎ. ಎರಡನೇ ವರ್ಷ. ಕಾಲೇಜಿನಲ್ಲಿ ಅಹಿಂಸೆ ಮತ್ತು ಸಮಾಜದ ಬದಲಾವಣೆ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರಂತೆ. "ನಿನ್ನೆ ಕೋವಿಗೆ ತೋಕ್ ಪೂ ಸಿಕ್ಕಿಸಿ ಕೈಮುಗಿದೆ. ಇವತ್ತು ಅಹಿಂಸೆ ಬಗ್ಗೆ ಬರೀಬೇಕು. ಕಾಮಿಡಿ ಅಲ್ವಾ?" ಅಂದ.

ನನಗೆ ಕಾಮಿಡಿ ಅನ್ನಿಸಲಿಲ್ಲ. ಕೋವಿ ಹಿಡಿಯುವವನಿಗೆ ಮೊದಲು ಹೇಳಿಕೊಡುವುದು ಗುಂಡು ಹಾರಿಸುವುದನ್ನಲ್ಲ, ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು ಅನ್ನುವುದನ್ನು. ಅಹಿಂಸೆಯೂ ಹಾಗೆ ಕೈಗೆ ಹತ್ತಬೇಕಾದ ಒಂದು ಕಸುಬು. ಒಳ್ಳೆಯ ಮನಸ್ಸಿದ್ದರೆ ಸಾಕು ಅಂದುಕೊಂಡು ಬೀದಿಗಿಳಿದವರು ಬೇಗ ಎಡವುತ್ತಾರೆ. ನಾವೂ ಎಡವಿದ್ದೇವೆ. ಆ ಕಥೆ ಮುಂದೆ ಬರುತ್ತದೆ.

ಗೋಣಿಕೊಪ್ಪಲಿನ ಒಂದು ಸಣ್ಣ ಕೋಣೆಯಲ್ಲಿ ನಾವು ಎಂಟ್ಹತ್ತು ಜನ ಭಾನುವಾರ ಸೇರುತ್ತೇವೆ. ತೋಟದವರು, ಇಬ್ಬರು ಟೀಚರ್‌ಗಳು, ಒಬ್ಬ ಜೀಪ್ ಡ್ರೈವರ್, ಕಾಲೇಜು ಮಕ್ಕಳು. ಓದಿ, ಜಗಳಾಡಿ, ತಪ್ಪು ಮಾಡಿ ನಾವು ಕಂಡುಕೊಂಡ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕೊಡಗಿನಲ್ಲೇ ಇರುವವರಿಗೆ ಇದು ಜಾಸ್ತಿ ಉಪಯೋಗ.

ಮೊದಲು ಕ್ಯಾಲೆಂಡರ್

ಸಣ್ಣ ವಿಷಯ ಅನ್ನಿಸಬಹುದು. ಆದರೆ ನಮ್ಮ ಮೊದಲ ಗುಂಪು ಮುರಿದುಬಿದ್ದದ್ದೇ ಇದರಿಂದ. ಜನವರಿಯಲ್ಲಿ ಶುರು ಮಾಡಿದ್ದೆವು. ಕಾಫಿ ಕೊಯ್ಲಿನ ಹೊತ್ತಿನಲ್ಲಿ ಯಾರು ಬರುತ್ತಾರೆ? ಈಗ ಓದನ್ನೆಲ್ಲ ಜೂನ್‌ನಿಂದ ಆಗಸ್ಟ್‌ವರೆಗೆ ಇಟ್ಟುಕೊಂಡಿದ್ದೇವೆ. ಕಕ್ಕಡ ತಿಂಗಳ ಮಳೆ ಹೊಡೆಯುವಾಗ ಹೊರಗೆ ಹೋಗಿ ಮಾಡುವ ಕೆಲಸವೂ ಇರುವುದಿಲ್ಲ. ಕೈಲ್ ಪೊಳ್ದ್ ಮುಗಿದ ಮೇಲೆ ಊರಿನ ಕೆಲಸ, ಮಾಹಿತಿ ಕಲೆಹಾಕುವುದು. ಸುಗ್ಗಿ ಹಬ್ಬ ಪುತ್ತರಿಯೊಳಗೆ ಎಲ್ಲ ಮುಗಿಯಬೇಕು.

ಒಂದು ದಿನ ಮಡಿಕೇರಿಯಲ್ಲಿ ನಡೆಯಿರಿ

ಪುಸ್ತಕಕ್ಕಿಂತ ಮೊದಲು ಕಾಲಿಗೆ ಕೆಲಸ ಕೊಡಿ. ಮಡಿಕೇರಿಯಲ್ಲಿ ಮೂರು ಜಾಗ ನೋಡಿದರೆ ಇಡೀ ವಿಷಯದ ನಕ್ಷೆ ಸಿಗುತ್ತದೆ.

ಮೊದಲು ಕೋಟೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡರು. ಮೂರು ವರ್ಷದಲ್ಲಿ ಅಮರ ಸುಳ್ಯದ ಕಡೆಯಿಂದ ರೈತರು ಆಯುಧ ಹಿಡಿದು ದಂಗೆ ಎದ್ದರು. 1837ರಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಈ ಕೋಟೆಯಲ್ಲೇ ನೇಣಿಗೆ ಹಾಕಿದರು. ಇಲ್ಲಿ ಸುಮ್ನೆ ಐದು ನಿಮಿಷ ನಿಲ್ಲಿ. ಆಯುಧ ಹಿಡಿದವರನ್ನು ಕೀಳಾಗಿ ನೋಡಿಕೊಂಡು ಅಹಿಂಸೆ ಕಲಿಯಲು ಹೊರಟರೆ ಆ ಕಲಿಕೆಗೆ ಬೇರು ಇರುವುದಿಲ್ಲ.

ಎರಡನೆಯದು ಗಾಂಧಿ ಮಂಟಪ. ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗ ಮಡಿಕೇರಿಯ ಜಿಲ್ಲಾ ಖಜಾನೆಯಲ್ಲಿದೆ. ಜನವರಿ 30ರಂದು ಅದನ್ನು ಮೆರವಣಿಗೆಯಲ್ಲಿ ಇಲ್ಲಿಗೆ ತರುತ್ತಾರೆ. ಆ ದಿನ ಹೋದರೆ ಇನ್ನೂ ಒಳ್ಳೆಯದು.

ಮೂರನೆಯದು ಸನ್ನಿಸೈಡ್, ಜನರಲ್ ತಿಮ್ಮಯ್ಯನವರ ಮನೆ. ಈಗ ಮ್ಯೂಸಿಯಂ ಆಗಿದೆ. ಸೈನ್ಯದ ಮ್ಯೂಸಿಯಂಗೆ ಏಕೆ ಅಂತ ಕೇಳಬೇಡಿ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಊರಿಗೆ ಮರಳಲು ಒಪ್ಪದ ಸಾವಿರಾರು ಯುದ್ಧ ಕೈದಿಗಳಿದ್ದರು. ಅವರ ವಿಚಾರ ನೋಡಿಕೊಳ್ಳಲು ತಟಸ್ಥ ದೇಶಗಳ ಆಯೋಗವೊಂದಿತ್ತು. ತಿಮ್ಮಯ್ಯನವರು ಅದರ ಅಧ್ಯಕ್ಷರು. 1965ರಲ್ಲಿ ಅವರು ತೀರಿಕೊಂಡದ್ದೂ ಸೈಪ್ರಸ್‌ನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿ. ಶಾಂತಿಗೆ ಎಷ್ಟು ಶಿಸ್ತು ಬೇಕು ಅನ್ನುವುದು ಸೈನಿಕರ ಮನೆಗಳಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ.

ಗೌರಮ್ಮನ ಒಡವೆಯಿಂದ ಓದು ಶುರು ಮಾಡಿ

ಹೆಚ್ಚಿನವರು ದಂಡಿಯಿಂದ ಶುರು ಮಾಡುತ್ತಾರೆ. ನಾನು ನಮ್ಮ ಜಿಲ್ಲೆಯ ಗುಂಡುಗುತ್ತಿಯಿಂದ ಶುರು ಮಾಡಿ ಅನ್ನುತ್ತೇನೆ.

1934ರ ಫೆಬ್ರವರಿಯಲ್ಲಿ ಗಾಂಧೀಜಿ ಕೊಡಗಿಗೆ ಬಂದರು. ಕತೆಗಾರ್ತಿ ಕೊಡಗಿನ ಗೌರಮ್ಮನಿಗೆ ಆಗ ಇನ್ನೂ ಇಪ್ಪತ್ತೆರಡರ ಆಸುಪಾಸು. ಗಾಂಧೀಜಿ ಗುಂಡುಗುತ್ತಿಯ ತಮ್ಮ ಮನೆಗೆ ಬರಲೇಬೇಕು ಅಂತ ಗೌರಮ್ಮ ಉಪವಾಸ ಕೂತರು. ಗಾಂಧೀಜಿ ಬಂದರು. ಗೌರಮ್ಮ ಮೈಮೇಲಿನ ಒಡವೆಗಳನ್ನು ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಕಥೆ ಗೊತ್ತು. ಆದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ.

ನಿಲ್ಲಿಸಬೇಡಿ. ಹರಿಜನ ನಿಧಿ ಏಕೆ ಬೇಕಾಯಿತು ಅಂತ ಕೇಳಿ. ಗಾಂಧೀಜಿ ಆ ಪ್ರವಾಸ ಹೊರಟದ್ದು ಅಸ್ಪೃಶ್ಯತೆಯ ವಿರುದ್ಧ. ಅದಕ್ಕೆ ಸ್ವಲ್ಪ ಮೊದಲು, 1932ರಲ್ಲಿ, ಪೂನಾ ಒಪ್ಪಂದ ಆಗಿತ್ತು. ದಲಿತರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡ ಅಂತ ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಅಂಬೇಡ್ಕರ್ ಮೇಲೆ ಇಡೀ ದೇಶದ ಒತ್ತಡ ಬಿತ್ತು. ಅವರು ಸಹಿ ಹಾಕಿದರು. ಆ ಉಪವಾಸ ತಮ್ಮನ್ನು ಮೂಲೆಗೆ ತಳ್ಳಿತು ಅಂತ ಅವರು ಮುಂದೆ ಕಟುವಾಗಿ ಬರೆದರು. ಹಾಗಾದರೆ ಉಪವಾಸ ಯಾವಾಗ ಅಹಿಂಸೆ, ಯಾವಾಗ ಬಲವಂತ? ಪ್ರೀತಿಸುವವರ ಮುಂದೆ ಮಾತ್ರ ಉಪವಾಸ ನಡೆಯುತ್ತದೆ, ದಬ್ಬಾಳಿಕೆಯವನ ಮುಂದೆ ನಡೆಯುವುದಿಲ್ಲ ಅನ್ನುವ ಮಾತನ್ನು ವೈಕಂ ಸತ್ಯಾಗ್ರಹದ ಹೊತ್ತಿನಲ್ಲಿ ಗಾಂಧೀಜಿಯೇ ಹೇಳಿದ್ದರು. ಗೌರಮ್ಮನ ಉಪವಾಸವನ್ನೂ ಯರವಾಡದ ಉಪವಾಸವನ್ನೂ ಪಕ್ಕಪಕ್ಕ ಇಟ್ಟು ಒಂದು ಪುಟ ಬರೆಯಿರಿ. ನಮ್ಮ ಕೋಣೆಯಲ್ಲಿ ಈ ಒಂದು ಪ್ರಶ್ನೆ ಮೂರು ಭಾನುವಾರ ತಿಂದಿತು.

ಅಂಬೇಡ್ಕರರನ್ನು ಅಹಿಂಸೆಯ ಪಟ್ಟಿಯಿಂದ ಹೊರಗಿಡುವುದು ದೊಡ್ಡ ತಪ್ಪು. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರನ್ನು ಹತ್ತಿರ ಬಿಡದಿದ್ದ ಚೌದಾರ್ ಕೆರೆಗೆ ಸಾವಿರಾರು ಜನರ ಜೊತೆ ನಡೆದುಹೋಗಿ ಅವರು ನೀರು ಕುಡಿದರು. ಅಲ್ಲಿನ ಪುರಸಭೆ ಆ ಕೆರೆಯನ್ನು ಎಲ್ಲರಿಗೂ ತೆರೆದಿದೆ ಅಂತ ಮೊದಲೇ ನಿರ್ಣಯ ಮಾಡಿತ್ತು. ಕಾಗದದ ಮೇಲಿದ್ದ ಹಕ್ಕನ್ನು ಬೊಗಸೆಗೆ ತಂದುಕೊಂಡರು ಅಷ್ಟೇ. ದಂಡಿಯ ಉಪ್ಪಿಗಿಂತ ಮೂರು ವರ್ಷ ಮೊದಲಿನ ಮಾತು ಇದು.

ಗೆದ್ದ ಕಥೆ, ಕೆಟ್ಟುಹೋದ ಕಥೆ ಎರಡನ್ನೂ ಓದಿ

ಗೆದ್ದ ಕಥೆ ಮಾತ್ರ ಓದಿದರೆ ಅಹಿಂಸೆ ಮಂತ್ರದ ಹಾಗೆ ಕಾಣುತ್ತದೆ. ಜೋಡಿ ಜೋಡಿಯಾಗಿ ಓದಿ.

ಅಂಕೋಲೆಯ ಜನ 1930ರ ಏಪ್ರಿಲ್‌ನಲ್ಲಿ ಉಪ್ಪಿನ ಕಾನೂನು ಮುರಿದರು. ಅದರ ಜೊತೆಗೆ ಶಿಕಾರಿಪುರ ತಾಲ್ಲೂಕಿನ ಈಸೂರನ್ನು ಓದಿ. 1942ರಲ್ಲಿ ಆ ಊರು ತನ್ನನ್ನು ಸ್ವತಂತ್ರ ಅಂತ ಸಾರಿಕೊಂಡಿತು. ಶುರುವಾದದ್ದು ಕಂದಾಯ ಕೊಡಲ್ಲ ಅನ್ನುವ ಸತ್ಯಾಗ್ರಹದಿಂದಲೇ. ಒಂದು ದಿನದ ಗಲಾಟೆಯಲ್ಲಿ ಅಮಲ್ದಾರ ಮತ್ತು ಪೊಲೀಸ್ ಅಧಿಕಾರಿ ಸತ್ತರು. ಆಮೇಲೆ ಊರಿನ ಮೇಲೆ ಸರ್ಕಾರ ಮುಗಿಬಿತ್ತು. 1943ರಲ್ಲಿ ಐವರನ್ನು ನೇಣಿಗೆ ಹಾಕಿದರು. ಆ ಹುಡುಗರ ಧೈರ್ಯವನ್ನು ಅಳೆಯಲು ನಾವು ಯಾರೂ ಅಲ್ಲ. ಆದರೆ ಯಾವ ಗಳಿಗೆಯಲ್ಲಿ ಕೈ ಮೀರಿತು, ಆಗ ಅಲ್ಲಿ ಯಾರಿರಬೇಕಿತ್ತು ಅಂತ ಕೇಳಬಹುದು.

1922ರ ಚೌರಿಚೌರಾ ಕೂಡ ಹಾಗೇ. ಗುಂಪು ಠಾಣೆಗೆ ಬೆಂಕಿ ಹಾಕಿ 22 ಪೊಲೀಸರು ಸತ್ತರು. ಗಾಂಧೀಜಿ ಇಡೀ ದೇಶದ ಅಸಹಕಾರವನ್ನೇ ನಿಲ್ಲಿಸಿದರು. ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಇದೆ. ನನಗಂತೂ ನಿಲ್ಲಿಸಿದ್ದು ಸರಿ ಅನ್ನಿಸುತ್ತದೆ. ನಮ್ಮ ಜೀಪ್ ಡ್ರೈವರ್ ಒಪ್ಪುವುದಿಲ್ಲ.

ಅಂಕಿ ಬೇಕು ಅನ್ನುವವರಿಗೆ ಒಂದು ಲೆಕ್ಕ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಅನ್ನುವ ಇಬ್ಬರು 1900ರಿಂದ 2006ರವರೆಗಿನ 323 ದೊಡ್ಡ ಚಳವಳಿಗಳನ್ನು ಜಾಲಾಡಿದರು. ಅಹಿಂಸೆಯ ದಾರಿ ಹಿಡಿದವುಗಳಲ್ಲಿ ಶೇ 53 ಗೆದ್ದಿದ್ದವು, ಆಯುಧ ಹಿಡಿದವುಗಳಲ್ಲಿ ಶೇ 26. ಆಯುಧದ ದಾರಿಯಲ್ಲಿ ಗಟ್ಟಿ ಹುಡುಗರಷ್ಟೇ ಬರುತ್ತಾರೆ. ಈ ದಾರಿಯಲ್ಲಿ ಅಜ್ಜಿಯೂ ಬರಬಹುದು, ಅಂಗಡಿಯವನೂ ಬರಬಹುದು. ಜನ ಜಾಸ್ತಿ ಆದ ಹಾಗೆ ಅಧಿಕಾರದ ಕಡೆ ಇದ್ದವರ ಮನೆಯವರೂ ಆ ಗುಂಪಿನಲ್ಲಿ ಇರುತ್ತಾರೆ. ಗೆಲುವಿನ ಗುಟ್ಟಿನಲ್ಲಿ ಅದು ದೊಡ್ಡ ಪಾಲು. ಹಾಗಂತ ಸುಮಾರು ಅರ್ಧದಷ್ಟು ಪೂರ್ತಿ ಗೆಲ್ಲಲಿಲ್ಲ ಅನ್ನುವುದನ್ನೂ ಮರೆಯಬೇಡಿ.

ಯಾವ ಕಥೆ ಓದಿದರೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಎದುರಿನವನು ಯಾರ ಸಹಕಾರದ ಮೇಲೆ ನಿಂತಿದ್ದ? ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್‌ನಿಂದ 381 ದಿನ, ಬಣ್ಣ ನೋಡಿ ಸೀಟು ಕೊಡುವ ಪದ್ಧತಿಯನ್ನು ವಿರೋಧಿಸಿ ಕಪ್ಪು ಜನ ಬಸ್ ಹತ್ತಲಿಲ್ಲ. ಬಸ್ ಕಂಪನಿಯ ಗಿರಾಕಿಗಳಲ್ಲಿ ಹೆಚ್ಚಿನವರು ಅವರೇ. ಬಹಿಷ್ಕಾರ ಅಂದರೆ ಭಾಷಣ ಅಂದುಕೊಳ್ಳುತ್ತೇವೆ. ನಿಜವಾದ ಕೆಲಸ ಬೇರೆ ಇತ್ತು. ಸುಮಾರು 300 ಕಾರುಗಳನ್ನು ಹೊಂದಿಸಿ, ಯಾರನ್ನು ಎಲ್ಲಿ ಹತ್ತಿಸಿ ಎಲ್ಲಿ ಇಳಿಸಬೇಕು ಅಂತ ದಿನಾ ಲೆಕ್ಕ ಹಾಕುವುದು. ಸಂತೆ ದಿನ ಜೀಪ್ ತುಂಬಿಸಿ ಗೊತ್ತಿರುವ ಯಾರಿಗಾದರೂ ಅದು ಎಂಥ ತಲೆನೋವು ಅಂತ ಅರ್ಥವಾಗುತ್ತದೆ.

ಈಗ ನಮ್ಮ ಎಡವಟ್ಟು

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಬೆಳಗಿನ ಬಸ್ ನಿಂತುಹೋಯಿತು. ಶಾಲೆ ಮಕ್ಕಳಿಗೆ, ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರಿಗೆ ತೊಂದರೆ. ನಾವು ನೇರ ರಸ್ತೆ ತಡೆಗೆ ಹೋದೆವು. ಇಪ್ಪತ್ತು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಹಿಂದಿನಿಂದ ಯಾರೋ ಕಲ್ಲು ಎಸೆದರು. ಒಂದು ಕಾರಿನ ಗಾಜು ಹೋಯಿತು. ಕಾರಿನಲ್ಲಿ ಬಾಣಂತಿ ಇದ್ದಳು. ಮರುದಿನದಿಂದ ಊರೆಲ್ಲ ಮಾತಾಡಿದ್ದು ಗಾಜಿನ ಬಗ್ಗೆ. ಮೂವರು ಹುಡುಗರ ಮೇಲೆ ಕೇಸು. ಬಸ್ ಬರಲಿಲ್ಲ.

ಮರುವರ್ಷ ಬೇರೆ ಥರ ಶುರು ಮಾಡಿದೆವು. ಇಬ್ಬರು ಹುಡುಗಿಯರು ಒಂದು ತಿಂಗಳು ದಿನಾ ಬೆಳಗ್ಗೆ ಸ್ಟಾಪಿನಲ್ಲಿ ಎಷ್ಟು ಜನ ಕಾಯುತ್ತಾರೆ, ಎಲ್ಲಿಗೆ ಹೋಗುತ್ತಾರೆ ಅಂತ ನೋಟ್‌ಬುಕ್‌ನಲ್ಲಿ ಬರೆದರು. ಮಾಹಿತಿ ಹಕ್ಕಿನಲ್ಲಿ ಆ ರೂಟಿನ ಹಳೆಯ ಕಲೆಕ್ಷನ್ ಕೇಳಿದೆವು. ಉತ್ತರ ನೋಡಿ ನಮಗೇ ಮುಜುಗರ. ಬಸ್ ನಿಜವಾಗಿಯೂ ಖಾಲಿ ಓಡುತ್ತಿತ್ತು. ಶಾಲೆಯ ಸಮಯಕ್ಕಿಂತ ತಡವಾಗಿ ಬರುತ್ತಿದ್ದರಿಂದ ಅದನ್ನು ನಂಬಿ ಯಾರೂ ಕಾಯುತ್ತಿರಲಿಲ್ಲ. ನಮ್ಮ ಬೇಡಿಕೆ "ಬಸ್ ಬಿಡಿ" ಅಂತ ಇತ್ತು. "ಬಸ್ಸನ್ನು ಬೇಗ ಬಿಡಿ" ಅಂತ ಇರಬೇಕಿತ್ತು. ಮಾತುಕತೆಗೆ ಹೋದೆವು, ಸಮಯ ಬದಲಾಯಿತು, ಬಸ್ ಬಂತು. ಧರಣಿಗೆ ಅಂತ ಬರೆಸಿದ್ದ ಬ್ಯಾನರ್ ಈಗ ಯಾರದೋ ಕಣದಲ್ಲಿ ಮೆಣಸು ಒಣಗಿಸಲು ಬಳಕೆಯಾಗುತ್ತಿದೆ.

ಲೆಕ್ಕ ಮೊದಲು

ಗಾಂಧೀಜಿ 1917ರಲ್ಲಿ ಬಿಹಾರದ ಚಂಪಾರಣ್‌ಗೆ ಹೋದಾಗ ಮೊದಲು ಮಾಡಿದ್ದು ರೈತರನ್ನು ಕೂರಿಸಿ ಅವರ ಹೇಳಿಕೆ ಬರೆದುಕೊಂಡದ್ದು. ಸಾವಿರಾರು ಹೇಳಿಕೆ. ಪ್ರತಿ 20 ಕಟ್ಠಾ ನೆಲದಲ್ಲಿ 3 ಕಟ್ಠಾ ನೀಲಿ ಬೆಳೆಯಲೇಬೇಕು ಅನ್ನುವ ಪದ್ಧತಿ ಅಲ್ಲಿತ್ತು. ವಕೀಲರು ಪ್ರಶ್ನೆ ಕೇಳಿ ಕೇಳಿ ಬರೆದುಕೊಂಡದ್ದರಿಂದ ತೋಟದ ಸಾಹೇಬರಿಗೆ ಅದನ್ನು ಸುಳ್ಳು ಅನ್ನಲು ಆಗಲಿಲ್ಲ. ಮರುವರ್ಷ ಕಾನೂನೇ ಬದಲಾಯಿತು.

ನೀವೂ ಒಂದು ಸಣ್ಣ ವಿಷಯ ಹಿಡಿಯಿರಿ. ಕಸ, ಕುಡಿಯುವ ನೀರು, ಮುರಿದ ಕಾಲುಸಂಕ, ಅಂಗನವಾಡಿಯ ಸೂರು. ಕಾವೇರಿ ವಿವಾದ ಬೇಡ. ಒಂದು ತಿಂಗಳು ಬರೀ ಎಣಿಸಿ, ಕೇಳಿ, ಬರೆದಿಡಿ.

ಮಾಹಿತಿ ಹಕ್ಕಿನ ಅರ್ಜಿ ಹೆದರಿಸುವಂಥದ್ದೇನಲ್ಲ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಏಕೆ ಮಾಡಿಲ್ಲ?" ಅಂತ ಕೇಳಬೇಡಿ, ಉತ್ತರ ಬರಲ್ಲ. ದಾಖಲೆಯ ನಕಲು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ.

ಹಾಡಿ (ಆದಿವಾಸಿಗಳ ಊರು) ಜನರ ಭೂಮಿಯ ವಿಷಯ ಹಿಡಿಯುವವರು 2006ರ ಅರಣ್ಯ ಹಕ್ಕು ಕಾಯ್ದೆ ಓದಲೇಬೇಕು. ಅಲ್ಲಿ ಗ್ರಾಮಸಭೆಗೆ ದೊಡ್ಡ ಅಧಿಕಾರ ಇದೆ. ಯರವ, ಜೇನುಕುರುಬ ಹಾಡಿಗಳಿಗೆ ಮಾತ್ರ ಅವರು ಕರೆದರೆ ಹೋಗಿ. ಅವರ ಪರವಾಗಿ ಮಾತಾಡುವ ಆತುರದಲ್ಲಿ ಅವರ ಮಾತನ್ನೇ ಮುಚ್ಚಿಹಾಕಿದವರನ್ನು ನಾನು ನೋಡಿದ್ದೇನೆ.

ಕಾಗದ ಬರೆಯಿರಿ, ಕೂತು ಮಾತಾಡಿ

ದಂಡಿಗೆ ಹೊರಟದ್ದು 1930ರ ಮಾರ್ಚ್ 12ರಂದು. ಅದಕ್ಕೆ ಹತ್ತು ದಿನ ಮೊದಲೇ ವೈಸ್‌ರಾಯ್ ಇರ್ವಿನ್‌ಗೆ ಕಾಗದ ಹೋಗಿತ್ತು. ಏನು ಬೇಕು, ಕೊಡದಿದ್ದರೆ ಏನು ಮಾಡುತ್ತೇವೆ, ಎಲ್ಲ ಅದರಲ್ಲಿತ್ತು. ಗುಟ್ಟು ಅನ್ನುವುದೇ ಇಲ್ಲ.

ನಿಮ್ಮ ಕಾಗದ ಒಂದು ಪುಟ ಮೀರಬಾರದು. ಬೇಡಿಕೆ ಒಂದೇ ಇರಲಿ. ಎದುರಿನವರಿಗೆ ಮರ್ಯಾದೆಯಿಂದ ಒಪ್ಪಿಕೊಳ್ಳುವ ದಾರಿಯನ್ನೂ ಅದರಲ್ಲೇ ಬಿಟ್ಟಿರಿ. ನಮ್ಮ ನಾಡಿನಲ್ಲಿ ಊರು ತಕ್ಕರು, ಅಂದರೆ ಊರಿನ ಮುಖ್ಯಸ್ಥರು, ಜಗಳ ಬಿಡಿಸುತ್ತಿದ್ದ ರೀತಿಯ ಬಗ್ಗೆ ಹಿರಿಯರನ್ನು ಕೇಳಿ. ಸೋತವನೂ ಮರುದಿನ ಊರಿನವರೆಲ್ಲ ಸೇರುವ ಬಯಲಾದ ಅದೇ ಮಂದ್‌ನಲ್ಲಿ ಬಂದು ಕುಣಿಯಬೇಕಲ್ಲ? ಹಿಂದಿನವರ ತೀರ್ಪುಗಳೆಲ್ಲ ನ್ಯಾಯವಾಗಿದ್ದವು ಅಂತ ನಾನು ಹೇಳುತ್ತಿಲ್ಲ. ಆ ಜಾಣತನ ಮಾತ್ರ ಕಲಿಯುವಂಥದ್ದು.

ಬೈಸಿಕೊಳ್ಳುವ ಅಭ್ಯಾಸ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ನನ್ನ ಮಟ್ಟಿಗೆ ಇದೇ ಮುಖ್ಯ. ಮೆಣಸು ಕೊಯ್ಯಲು ಏಣಿ ಹತ್ತುವುದನ್ನು ಓದಿ ಕಲಿಯಲು ಆಗುತ್ತದಾ?

1959ರಲ್ಲಿ ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಜೇಮ್ಸ್ ಲಾಸನ್ ಅನ್ನುವವರು ಕಾಲೇಜು ಮಕ್ಕಳಿಗೆ ತರಬೇತಿ ಕೊಡುತ್ತಿದ್ದರು. ಇವರು ಭಾರತಕ್ಕೆ ಬಂದು ಕೆಲವು ವರ್ಷ ಇದ್ದು ಗಾಂಧೀಜಿಯ ದಾರಿಯನ್ನು ಹತ್ತಿರದಿಂದ ಓದಿಕೊಂಡವರು. ಕುರ್ಚಿ ಹಾಕಿ ಹೋಟೆಲ್ ಥರ ಮಾಡುವುದು. ಅರ್ಧ ಜನ ಗಿರಾಕಿಗಳು, ಅರ್ಧ ಜನ ಪುಂಡರು. ಪುಂಡರು ಬೈಯುತ್ತಾರೆ, ತಳ್ಳುತ್ತಾರೆ, ತಲೆ ಮೇಲೆ ಏನಾದರೂ ಸುರಿಯುತ್ತಾರೆ. ಕೂತವರು ಕೈ ಎತ್ತಬಾರದು, ಓಡಬಾರದು. 1960ರಲ್ಲಿ ಕಪ್ಪು ಜನರಿಗೆ ಊಟ ಬಡಿಸದ ನಿಜವಾದ ಹೋಟೆಲುಗಳಲ್ಲಿ ಕೂತಾಗ ಆ ಮಕ್ಕಳು ಕದಲಲಿಲ್ಲ. ಕೆಲವೇ ತಿಂಗಳಲ್ಲಿ ಆ ಊರಿನ ಊಟದ ಕೌಂಟರುಗಳು ಎಲ್ಲರಿಗೂ ತೆರೆದವು.

ನಾವು ಮಾಡುವ ರೀತಿ ಹೀಗೆ. ಹತ್ತು ಜನ ಬೇಕು. ನಾಲ್ವರು ನೆಲದ ಮೇಲೆ ಕೂರುತ್ತಾರೆ. ನಾಲ್ವರು ಸುತ್ತ ನಿಂತು ಕೆಣಕುತ್ತಾರೆ. ಇಬ್ಬರು ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಒಂದು ಪದ ಗೊತ್ತುಮಾಡಿಕೊಳ್ಳಿ. ಯಾರು ಆ ಪದ ಹೇಳಿದರೂ ತಕ್ಷಣ ಎಲ್ಲ ನಿಲ್ಲಬೇಕು. ನಮ್ಮದು "ಕಾಫಿ". ಜಾತಿ ಹಿಡಿದು, ಹೆಣ್ಣುಮಕ್ಕಳ ಮೈ ಹಿಡಿದು ಬೈಯುವಂತಿಲ್ಲ ಅಂತ ಮೊದಲೇ ಮಾತಾಡಿಕೊಳ್ಳಿ. ಆಟದ ನೆಪದಲ್ಲಿ ನಿಜವಾದ ಗಾಯ ಆಗಬಾರದು. ಐದು ನಿಮಿಷ ಸಾಕು. ಆಮೇಲೆ ಪಾತ್ರ ಅದಲುಬದಲು.

ಮುಗಿದ ಮೇಲೆ ಮಾತಾಡುವುದಕ್ಕೆ ಅರ್ಧ ಗಂಟೆ ಬೇಕೇ ಬೇಕು. ಕೂತವರು ಹೇಳುವುದು ಗೊತ್ತಿದ್ದದ್ದೇ: ಮೈ ಉರಿಯಿತು, ಕೈ ನಡುಗಿತು. ಆಶ್ಚರ್ಯ ಆಗುವುದು ಕೆಣಕಿದವರ ಮಾತು ಕೇಳಿದಾಗ. ತಿರುಗಿ ಬೈದವರ ಮೇಲೆ ಇನ್ನೂ ರೇಗಲು ಸುಲಭವಾಯಿತು, ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನೆ ಕೂತವರ ಮುಂದೆ ಮಾತೇ ಹೊರಡಲಿಲ್ಲ ಅನ್ನುತ್ತಾರೆ. ಪಕ್ಕದ ಮನೆಯ ಹುಡುಗ ಮೊದಲ ಸಲ ಎರಡು ನಿಮಿಷಕ್ಕೆ ಎದ್ದು ಹೊರಗೆ ಹೋಗಿಬಿಟ್ಟ. ಮೂರನೇ ಸಲ ಪೂರ್ತಿ ಕೂತ.

1930ರ ಮೇ 21ರಂದು ಗುಜರಾತಿನ ಧಾರಾಸಣದಲ್ಲಿ ನಡೆದ ಉಪ್ಪಿನ ಸತ್ಯಾಗ್ರಹದ ವಿವರವನ್ನು ಈ ಅಭ್ಯಾಸ ಆದ ಮೇಲೆ ಓದಿ. ಸಾಲು ಸಾಲಾಗಿ ಜನ ಉಪ್ಪಿನ ಕಣದ ಕಡೆ ನಡೆದರು, ಲಾಠಿ ಬಿದ್ದಾಗ ತಡೆಯಲು ಕೈಯನ್ನೂ ಎತ್ತಲಿಲ್ಲ. ಮೊದಲೇ ಓದಿದರೆ ಅದು ಪವಾಡದ ಥರ ಕಾಣುತ್ತದೆ.

ಬೀದಿಗೆ ಇಳಿಯಲೇಬೇಕಾದರೆ

ಸಂವಿಧಾನದ 19ನೇ ವಿಧಿ ನಮಗೆ ಶಾಂತಿಯಿಂದ, ಆಯುಧ ಇಲ್ಲದೆ ಸೇರುವ ಹಕ್ಕು ಕೊಟ್ಟಿದೆ. ಕೋವಿಗೆ ಲೈಸೆನ್ಸ್ ವಿನಾಯಿತಿ ಇರುವ ನಾಡಿನವರು "ಆಯುಧ ಇಲ್ಲದೆ" ಅನ್ನುವುದನ್ನು ಎರಡು ಸಲ ಓದಿಕೊಳ್ಳಿ. ಮೆರವಣಿಗೆ ಅಥವಾ ಧರಣಿಗೆ ಮೊದಲೇ ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಹಬ್ಬ, ಚುನಾವಣೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಇದೆಯಾ ಅಂತ ವಿಚಾರಿಸಿ. ಹಳೆಯ 144ನೇ ಸೆಕ್ಷನ್ 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ 163 ಆಗಿದೆ. ಗುಂಪಿನ ಹಿಂದೆ, ಅಂಚಿನಲ್ಲಿ ನಿಮ್ಮವರನ್ನೇ ನಿಲ್ಲಿಸಿ. ಕಲ್ಲು ಬರುವುದು ಯಾವಾಗಲೂ ಹಿಂದಿನಿಂದ. ಆಂಬುಲೆನ್ಸ್‌ಗೆ ದಾರಿ ಬಿಡುವುದಕ್ಕೇ ಅಂತ ಇಬ್ಬರಿರಲಿ.

ವಿಧಾನ ಯಾವುದು ಅನ್ನುವುದಕ್ಕೆ ಕೊರತೆ ಇಲ್ಲ. ಜೀನ್ ಶಾರ್ಪ್ ಅನ್ನುವವರು 198 ಬಗೆ ಪಟ್ಟಿ ಮಾಡಿದ್ದಾರೆ. ಪಟ್ಟಿಗಿಂತ ನನಗೆ 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಮಾಡಿದ್ದು ಇಷ್ಟ. ಕಾಡು ಕಡಿಯಲು ಬಂದಾಗ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ. ಏನು ಬೇಕು, ಏನು ಮಾಡುತ್ತಿದ್ದಾರೆ, ಎರಡೂ ಒಂದೇ ಕೆಲಸದಲ್ಲಿ ಕಾಣುತ್ತಿತ್ತು. ಮೈಕ್ ಬೇಕಾಗಲಿಲ್ಲ.

ಗೆದ್ದೆವಾ ಅಂತ ಕೇಳುವುದು

2016ರ ಡಿಸೆಂಬರ್‌ನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದರು. ಜನ ಜಾಗ ಬಿಡದೆ ಅಲ್ಲೇ ತಿಂಗಳುಗಟ್ಟಲೆ ಕೂತರು. ನಾಡಿನ ಬೇರೆ ಬೇರೆ ಕಡೆಯಿಂದ ಬೆಂಬಲ ಬಂತು. ಕೊನೆಗೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. ಇದು ಗೆಲುವಾ? ಸೂರು ಸಿಕ್ಕಿತು. ಕಾಡು ದೂರವಾಯಿತು. ಎರಡು ಕಾಲಂ ಹಾಕಿ ಬರೆಯಿರಿ, ಉತ್ತರಕ್ಕೆ ಆತುರ ಬೇಡ.

ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆಯ ಬೈಲುಕುಪ್ಪೆ. ಸ್ವರ್ಣ ದೇವಾಲಯ ನೋಡಿ, ಮೊಮೊ ತಿಂದು ವಾಪಸ್ ಬರುತ್ತೇವೆ ಅಲ್ವಾ? ಈ ಸಲ ಸ್ವಲ್ಪ ಹೊತ್ತು ಕೂತು ಮಾತಾಡಿ. 1961ರಿಂದ ಅಲ್ಲಿ ಟಿಬೆಟಿನವರು ಇದ್ದಾರೆ. ದಲೈ ಲಾಮಾರಿಗೆ 1989ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಊರು ಮಾತ್ರ ಇನ್ನೂ ವಾಪಸ್ ಸಿಕ್ಕಿಲ್ಲ. ಮಾರ್ಚ್ 10ರಂದು ಅವರು 1959ರ ದಂಗೆಯನ್ನು ನೆನೆಯುತ್ತಾರೆ. ಅಜ್ಜ, ಮಗ, ಮೊಮ್ಮಗ, ಮೂರು ತಲೆಮಾರಿಗೂ ಒಂದೇ ಪ್ರಶ್ನೆ ಕೇಳಿ: ಇಷ್ಟು ವರ್ಷ ಆದ ಮೇಲೂ ಇದೇ ದಾರಿ ಸರಿ ಅನ್ನಿಸುತ್ತದಾ? ಮೂವರದೂ ಒಂದೇ ಉತ್ತರ ಇರುತ್ತದೆ ಅಂದುಕೊಂಡು ಹೋಗಬೇಡಿ.

ಹುಡುಗನ ಪ್ರಾಜೆಕ್ಟ್ ಮುಗಿದು ವರ್ಷವಾಯಿತು. ಈಗಲೂ ಭಾನುವಾರ ಬರುತ್ತಾನೆ. ಅವನ ಊರಿನ ಕಾಲುಸಂಕ ದಾಟುವವರ ಎಣಿಕೆ ಹದಿನೇಳನೇ ದಿನಕ್ಕೆ ಬಂದಿದೆ. ಮಳೆ ಬಂದು ನೋಟ್‌ಬುಕ್ ಒದ್ದೆಯಾಯಿತು ಅಂತ ಮೊನ್ನೆ ಇಡೀ ಪುಟ ಮತ್ತೆ ಬರೆಯುತ್ತಾ ಕೂತಿದ್ದ.